ಗುಂಡು ನನ್ನ ಪಾಲು, ಬೋಲ್ಟು ಅವರ ಪಾಲು

ಮೊಮ್ಮಗಳು ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿಕೊಟ್ಟಿದ್ದಾಳೆ. ಕಲಿತ ವಿದ್ಯೆಯಲ್ಲಿ ಮೊದಲು ಬರೆಯುತ್ತಿರುವುದು ದೇವರನಾಮವಲ್ಲ, ರೈಫಲ್ಲಿಗೆ ಗುಂಡು ತುಂಬಿಸುವ ವಿಷಯ. ನನ್ನ ವಯಸ್ಸಿಗೆ ಒಪ್ಪುವುದಿಲ್ಲ, ಗೊತ್ತು.

ನಮ್ಮ ಹೊಲ ಆವನಿ ಬೆಟ್ಟದ ಕೆಳಗೆ. ಕಡಲೆಕಾಯಿ ಬಲಿತದ್ದು ನಮಗಿಂತ ಮೊದಲು ಕಾಡುಹಂದಿಗಳಿಗೆ ತಿಳಿಯುತ್ತಿತ್ತು. ಅವುಗಳನ್ನು ಬೆದರಿಸಲು ಯಜಮಾನರು ಲೈಸೆನ್ಸ್ ಮಾಡಿಸಿ ಒಂದು ಹಳೆಯ ಬೋಲ್ಟ್ ರೈಫಲ್ ಇಟ್ಟುಕೊಂಡಿದ್ದರು. ಗುಂಡು ತುಂಬಿಸುವುದು ನನ್ನ ಪಾಲು. ಗುಂಡನ್ನು ನಳಿಗೆಗೆ ದೂಡುವ ಬೋಲ್ಟು ತಳ್ಳಿ ಗಾಳಿಗೆ ಹಾರಿಸುವುದು ಅವರ ಪಾಲು. ಅಡುಗೆ ನಾನು ಮಾಡಿ, ತೇಗು ಅವರು ತೇಗಿದ ಹಾಗೆ.

ಆ ರೈಫಲ್ಲಿಗೆ ಒಂದು ಮರ್ಯಾದೆಯಿತ್ತು. ಗುಂಡನ್ನು ಸೀದಾ ನಳಿಗೆಯ ಹಿಂಬದಿಯ ಬಾಯಿಗೆ ಹಾಕಿ ಬೋಲ್ಟು ತಳ್ಳುವಂತಿಲ್ಲ. ಬೋಲ್ಟಿನ ತುದಿಯ ಕೊಕ್ಕೆ ಗುಂಡಿನ ಬುಡದ ಅಂಚಿಗೆ ಬಡಿದು ಮೂತಿ ಮುರಿದುಕೊಳ್ಳುತ್ತದೆ. ಮೇಲಿನಿಂದ ಒಂದೊಂದೇ ಒತ್ತಿ ಬೋಲ್ಟಿನ ಕೆಳಗಿರುವ ಗುಂಡಿನ ಗೂಡಿಗೆ ಇಳಿಸಬೇಕು. ಬೋಲ್ಟು ಮುಂದೆ ಬಂದಾಗ ಮೇಲಿನ ಗುಂಡು ಎದ್ದು, ಅದರ ಬುಡ ಕೊಕ್ಕೆಯೊಳಗೆ ತಾನಾಗಿ ಜಾರಿಕೊಳ್ಳುತ್ತದೆ. ಆಮೇಲೆ ಕೊಕ್ಕೆ ಅದರ ಕೈ ಬಿಡುವುದಿಲ್ಲ. ಸೋದರಮಾವ ಹೆಣ್ಣನ್ನು ಮಂಟಪಕ್ಕೆ ಕರೆತರುವಂತೆ ನಳಿಗೆಯವರೆಗೂ ಕರೆದೊಯ್ಯುತ್ತದೆ. ನಡುದಾರಿಯಲ್ಲಿ ಮನಸ್ಸು ಬದಲಾಗಿ ಬೋಲ್ಟನ್ನು ಹಿಂದಕ್ಕೆಳೆದರೆ ಗುಂಡೂ ಜೊತೆಗೇ ವಾಪಸು. ಈ ಸೌಕರ್ಯ ಮದುವೆಯಲ್ಲಿಲ್ಲ.

"ತುರುಕಬೇಡ ಕಣೇ, ಮಗೀಗೆ ಉಣ್ಸಿದಂಗೆ ಉಣ್ಸು," ಎನ್ನುತ್ತಿದ್ದರು ಯಜಮಾನರು. ಮೂರು ಮಕ್ಕಳಿಗೆ ಉಣ್ಣಿಸಿದವಳಿಗೆ, ಒಂದು ತುತ್ತೂ ಉಣ್ಣಿಸದವರ ಪಾಠ!

ಅವರು ಹೋದ ಮೇಲೆ ರೈಫಲ್ಲು ಕೋಲಾರದ ಬಂದೂಕಿನಂಗಡಿ ಸೇರಿತು. ಲೈಸೆನ್ಸು ಸೊಸೆ ಮಂಜುಳಾಳ ಹೆಸರಿಗಾದರೆ ಮನೆಗೆ ಬರುತ್ತದೆ, ಇಲ್ಲದಿದ್ದರೆ ಮಾರಬೇಕು. ಹೋದ ವಾರ ಇಬ್ಬರೂ ಅಂಗಡಿಗೆ ಹೋದೆವು. ಮನೆಗೆ ಬರಲಿ ಎಂದು ನನ್ನ ಆಸೆ.

"ಸೋಲಾರ್ ಬೇಲಿ ಹಾಕ್ಸಿದೀವಲ್ಲ ಅತ್ತೆ, ಹಂದಿ ಬರಲ್ಲ. ಇದು ಯಾಕೆ?" ಎಂದಳು ಮಂಜುಳಾ.

"ನಿನ್ನ ಗಂಡನ್ನ ಬೆದರ್ಸಕ್ಕೆ."

"ಅದಕ್ಕೆ ನಾನೇ ಸಾಕು ಬಿಡಿ."

ಸೋತೆ. ಮಾರಾಟದ ಕಾಗದಕ್ಕೆ ರುಜು ಹಾಕುವ ಮೊದಲು ಅಂಗಡಿಯವನನ್ನು ಕೇಳಿದೆ: "ನಾಯ್ನಾ, ಒಂದ್ಸಲ ಕೈಗೆ ಕೊಡ್ತೀಯಾ?"

ಅವನು ರೈಫಲ್ಲಿನ ಜೊತೆಗೆ ಮದ್ದಿಲ್ಲದ ಗುಂಡುಗಳನ್ನೂ ಕೊಟ್ಟ. "ಹುಷಾರಜ್ಜಿ, ಬೆರಳು ಸಿಕ್ಕಾಕ್ಕಂತದೆ."

"ನಿಮ್ಮಪ್ಪ ಚಡ್ಡಿ ಹಾಕ್ತಿದ್ದಾಗ್ಲಿಂದ ತುಂಬಿಸ್ತಿದೀನಿ, ಸುಮ್ನಿರು."

ಕಣ್ಣುಮುಚ್ಚಿಯೇ ಗೂಡಿಗೆ ಇಳಿಸಿದೆ. ಆಮೇಲೆ, ಜೀವಮಾನದಲ್ಲಿ ಮೊದಲ ಸಲ, ಬೋಲ್ಟಿಗೆ ಕೈ ಹಾಕಿದೆ. ಮೆಲ್ಲಗೆ ತಳ್ಳಿದೆ. ಕೊಕ್ಕೆ ಗುಂಡನ್ನು ಹಿಡಿದದ್ದು ಅಂಗೈಗೆ ಗೊತ್ತಾಯಿತು. ಎಳೆಗರು ಬೆರಳನ್ನು ಬಾಯೊಳಗೆ ಎಳೆದುಕೊಳ್ಳುತ್ತದಲ್ಲ, ಅಷ್ಟು ನಯ. ಇಷ್ಟು ವರ್ಷ ತುಂಬಿಸಿಕೊಟ್ಟವಳು ನಾನು. ಈ ಸುಖವನ್ನೆಲ್ಲ ಪಟ್ಟವರು ಅವರು!

ನನ್ನ ಮುಖದಲ್ಲಿ ಏನು ಕಂಡಿತೋ, ಮಂಜುಳಾ ಮೆತ್ತಗಾದಳು. "ಅಷ್ಟು ಆಸೆ ಇದ್ರೆ ಇಟ್ಕೊಳ್ಳೋಣ ಬಿಡಿ ಅತ್ತೆ. ನಾನೇ ಅರ್ಜಿ ಹಾಕ್ತೀನಿ."

"ಬೇಡ ಕಣೇ," ಎಂದು ರುಜು ಹಾಕಿಬಿಟ್ಟೆ. ನನಗೆ ಬೇಕಾಗಿದ್ದದ್ದು ರೈಫಲ್ಲಲ್ಲ ಎಂದು ಅಷ್ಟು ಹೊತ್ತಿಗೆ ತಿಳಿದಿತ್ತು.

ಮುಳಬಾಗಿಲಿನವರೆಗೂ ಬಸ್ಸಿನಲ್ಲಿ ಅದೇ ಯೋಚನೆ. "ರೀ, ಇವತ್ತು ನಾನು ತಳ್ತೀನಿ" ಎಂದು ಒಂದು ದಿನವೂ ಯಾಕೆ ಕೇಳಲಿಲ್ಲ? ಕೇಳಿದ್ದರೆ ನಕ್ಕು ಕೈಗೆ ಕೊಟ್ಟೇಬಿಡುತ್ತಿದ್ದರು, ಅಂಥ ಮನುಷ್ಯ. ಹೊಟ್ಟೆ ಉರಿಯುವುದೇ ಅದಕ್ಕೆ. ಕೊಡದೇ ಇರುವ ಗಂಡನಾಗಿದ್ದರೆ ಬೈದುಕೊಂಡಾದರೂ ನೆಮ್ಮದಿಯಾಗಿರುತ್ತಿದ್ದೆ.