ಬೊಂಗು ಅಣ್ಣನ ಎಂಬತ್ತಾರು ಕಲ್ಲು, ಒಕ್ಸುನ್ ಅತ್ತಿಗೆಯ ಹದಿನಾಲ್ಕು ಭರಣಿ

ತಕ್ ಬೊಂಗು ಅಣ್ಣ ಕೊರಿಯಾದ ನಮ್ಮ ಚುಂಗ್ಜು ಊರಿನಲ್ಲಿ ಮೂವತ್ತೊಂದು ವರ್ಷ ಸಿಟಿ ಬಸ್ಸು ಓಡಿಸಿದವರು. ಬಸ್ಸಿನಲ್ಲಿ ಅವರು ಬಾಯಿ ಬಿಟ್ಟಿದ್ದನ್ನು ಕಂಡವರಿಲ್ಲ. ಮನೆಯಲ್ಲಿ ತಮ್ಮ ಕಲ್ಲುಗಳ ಮುಂದೆ ಯಾರನ್ನಾದರೂ ಕೂರಿಸಿಕೊಂಡರೆ ಮಾತ್ರ ಊಟದ ಹೊತ್ತು ಮೀರಿದರೂ ಬಿಡುತ್ತಿರಲಿಲ್ಲ. ನದಿಯಿಂದ ಹೆಕ್ಕಿ ತಂದ ಎಂಬತ್ತಾರು ಕಲ್ಲು. ಒಂದೊಂದಕ್ಕೂ ಅದರ ಅಳತೆಗೇ ಕೆತ್ತಿದ ಮರದ ಪೀಠ, ಒಂದೊಂದಕ್ಕೂ ಹೆಸರು. ಒಂದು ‘ಮಂಜಿನಲ್ಲಿ ಮಲಗಿದ ಎತ್ತು’, ಇನ್ನೊಂದು ‘ಮುನಿಸಿಕೊಂಡ ಸನ್ಯಾಸಿ’. ಹೆಂಡತಿ ಒಕ್ಸುನ್ ಅತ್ತಿಗೆಯ ಕಣ್ಣಿಗೆ ಎಲ್ಲವೂ ಆಲೂಗಡ್ಡೆ.

ಅತ್ತಿಗೆಯ ಆಸ್ತಿಯೂ ಕಡಿಮೆಯದಲ್ಲ. ಅಂಗಳದಲ್ಲಿ ಸೋಯಾ ರಸ, ಉಪ್ಪಿನಕಾಯಿ ಹಾಕಿಡುವ ಹದಿನಾಲ್ಕು ಭರಣಿ, ಒಳಗೆ ಇಳಿಸಿದರೆ ಮನುಷ್ಯ ಕಾಣದಷ್ಟು ದೊಡ್ಡವು. ಬೀರು ತುಂಬ ಟವೆಲ್ಲು. ನಮ್ಮಲ್ಲಿ ಯಾರಿಗೆ ಅರವತ್ತು ತುಂಬಲಿ, ಯಾರು ಅಂಗಡಿ ತೆರೆಯಲಿ, ಹೆಸರು ಅಚ್ಚು ಹಾಕಿಸಿದ ಟವೆಲ್ಲು ಹಂಚುತ್ತಾರಲ್ಲ, ಅವೆಲ್ಲ ಅಲ್ಲೇ ಸೇರಿದ್ದವು.

ಗುಡ್ಡದ ಮೇಲಿನ ಆ ಮನೆಗೆ ತೊಂಬತ್ತಮೂರು ಮೆಟ್ಟಿಲು. ಇಬ್ಬರ ಮಂಡಿಯೂ ಒಂದೇ ಚಳಿಗಾಲದಲ್ಲಿ ಕೈಕೊಟ್ಟಾಗ, ಕೆಳಗೆ ಲಿಫ್ಟ್ ಇರುವ ಕಟ್ಟಡದಲ್ಲಿ ಎರಡು ಕೋಣೆಯ ಮನೆ ಹಿಡಿದರು. ಅಣ್ಣ ಟೇಪು ಹಿಡಿದು ಹೋಗಿ ಅಳೆದು ಬಂದರು. ಅರ್ಧದಷ್ಟು ಸಾಮಾನೂ ಹಿಡಿಸುವುದಿಲ್ಲ.

ಮೆಟ್ಟಿಲ ಬುಡದಲ್ಲಿ ನನ್ನ ಇಸ್ತ್ರಿ ಅಂಗಡಿ. ಒಂದು ಬೆಳಿಗ್ಗೆ ಅತ್ತಿಗೆ ಮೇಲಿನಿಂದಲೇ ಕೂಗಿದರು: “ತಮ್ಮಾ, ಅಂಗಡಿ ಮುಚ್ಚಿ ಬಾ! ಇಲ್ಲಾಂದ್ರೆ ಇವತ್ತು ನಮ್ಮಿಬ್ಬರಲ್ಲಿ ಒಬ್ಬರೇ ಉಳಿಯೋದು.”

ನಾನು ಪಂಚಾಯಿತಿಗೆ ಕೂತೆ. ಯಾವ ಸಾಮಾನು ಹೋಗಬೇಕು ಅನ್ನೋದನ್ನು ಇವರದ್ದು ಅವರು, ಅವರದ್ದು ಇವರು ಹೇಳಲಿ ಎಂದೆ. ಅತ್ತಿಗೆ ಹೇಳಿದರು, “ಕಲ್ಲು, ಎಲ್ಲಾ.” ಅಣ್ಣ ಹೇಳಿದರು, “ಭರಣಿ, ಎಲ್ಲಾ.” ಪಂಚಾಯಿತಿ ಅಷ್ಟಕ್ಕೇ ಮುಗಿಯಿತು.

ಸರಿ, ಸುಲಭದ್ದು ಮೊದಲು ಎಂದು ಟವೆಲ್ಲು ಎಳೆದೆವು. ಅತ್ತಿಗೆ ಒಂದನ್ನು ಎದೆಗೆ ಒತ್ತಿಕೊಂಡರು.

“ಇದು ನಮ್ಮ ಸೋದರಮಾವನ ಎಪ್ಪತ್ತನೇ ಹುಟ್ಟುಹಬ್ಬದ್ದು ಕಣ್ರೀ. ಮಾವ ಹೋಗಿ ಎಂಟು ವರ್ಷ ಆಯ್ತು. ಹೇಗೆ ಬಿಸಾಕ್ಲಿ?”

“ಮಾವನ್ನೇ ಮಣ್ಣು ಮಾಡಿ ಬಂದ್ವಿ. ಟವೆಲ್ಲಿಗೇನೇ ಅಳು?”

“ನಿಮ್ಮನ್ನ ಮಣ್ಣು ಮಾಡೋವಾಗ ನೋಡ್ಕೊತೀನಿ. ಒಂದು ಕಲ್ಲು ಜೊತೆಗೆ ಹಾಕಿದ್ರೆ ಕೇಳಿ!”

ಕಡೆಗೆ ನಾನು ಬೀದಿನಾಯಿಗಳನ್ನು ಸಾಕುವ ಆಶ್ರಮವೊಂದಕ್ಕೆ ಫೋನು ಮಾಡಿದೆ. ಟವೆಲ್ಲು ಅಂದರೆ ಅವರಿಗೆ ಪ್ರಾಣ. ಸೋದರಮಾವನ ಎಪ್ಪತ್ತರ ಮೇಲೆ ಆರು ನಾಯಿಮರಿ ಮಲಗಿದ ಫೋಟೋ ಬಂದಾಗ ಅತ್ತಿಗೆ ಬಹಳ ಹೊತ್ತು ನೋಡಿ, “ಮಾವನಿಗೆ ನಾಯಿ ಅಂದ್ರೆ ಆಗ್ತಿರ್ಲಿಲ್ಲ,” ಎಂದು ನಿಟ್ಟುಸಿರಿಟ್ಟರು.

ಅಣ್ಣ ತಮ್ಮ ಕಲ್ಲುಗಳನ್ನು ತಮ್ಮಂತೆಯೇ ಕಲ್ಲು ಕೂಡಿಹಾಕುವ ಗೆಳೆಯರಿಗೆ ಕೊಡಲು ಹೊರಟರು. ಆ ಗೆಳೆಯರೂ ಎಪ್ಪತ್ತು ದಾಟಿದವರು, ಅವರ ಮನೆಯಲ್ಲೂ ಹೆಂಡತಿಯರಿದ್ದಾರೆ. ಮಧ್ಯಾಹ್ನ ಅಣ್ಣ ಎರಡು ಕಲ್ಲು ಹೊತ್ತು ಹೋದವರು ಸಂಜೆ ಐದು ಹೊತ್ತು ಬಂದರು. “ಮನೆ ಬದಲಾಯಿಸ್ತೀಯಲ್ಲ, ನೆನಪಿಗೆ ಇರಲಿ ಅಂತ ಕೊಟ್ಟರು,” ಎಂದು ಹೊಸಿಲಲ್ಲೇ ನಿಂತರು. ಅತ್ತಿಗೆ ಬಾಗಿಲು ಹಾಕಿಕೊಂಡರು.

ಮರುದಿನ ಅಣ್ಣನೇ ಹೇಳಿದರು, “ಬಂದಲ್ಲಿಗೇ ಬಿಟ್ಟು ಬರೋಣ.”

ನನ್ನ ಅಂಗಡಿಯ ವ್ಯಾನಿನಲ್ಲಿ ಮೂವರೂ ನದಿಗೆ ಹೋದೆವು. ಕಲ್ಲು ನೀರಿಗೆ ಎಸೆದು ಬರುವುದು ಅಂದುಕೊಂಡಿದ್ದೆ. ಅಣ್ಣನಿಗೆ ಒಂದೊಂದರ ಊರೂ ನೆನಪಿತ್ತು. ಈ ತಿರುವಿನಲ್ಲಿ ನಾಲ್ಕು, ಸೇತುವೆ ಕೆಳಗೆ ಒಂಬತ್ತು. ಪ್ಯಾಂಟು ಮಡಚಿಕೊಂಡು, ಮಂಡಿ ಹಿಡಿದುಕೊಂಡು, ಶಾಲೆಗೆ ಮಗು ಬಿಡುವಂತೆ ಮೆಲ್ಲಗೆ ಇಳಿಸುತ್ತಿದ್ದರು. ಅತ್ತಿಗೆ ಮೊದಮೊದಲು ಬೈಯುತ್ತಿದ್ದರು, ಆಮೇಲೆ ಸುಮ್ಮನೆ ಕಲ್ಲು ಎತ್ತಿಕೊಡತೊಡಗಿದರು.

‘ಮುನಿಸಿಕೊಂಡ ಸನ್ಯಾಸಿ’ಯನ್ನು ದಡದಲ್ಲಿಟ್ಟು ನಾವು ಇಪ್ಪತ್ತು ಹೆಜ್ಜೆ ಬಂದಿಲ್ಲ, ಹಿಂದಿನಿಂದ ಕೂಗು ಕೇಳಿತು. ಬೆನ್ನಿಗೆ ಚೀಲ ಹಾಕಿದ ಒಬ್ಬ ನಡುವಯಸ್ಸಿನವನು ಸನ್ಯಾಸಿಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ಕುಣಿಯುತ್ತಿದ್ದ.

“ಹತ್ತು ವರ್ಷದಿಂದ ಹುಡುಕ್ತಿದ್ದೀನಿ! ಇಂಥದ್ದು ಸಿಕ್ಕಿರಲಿಲ್ಲ!”

ಅತ್ತಿಗೆ ಮಂಡಿನೋವು ಮರೆತು ಓಡಿದರು. “ಇಡ್ರೀ ಕೆಳಗೆ! ನಮ್ಮದು ಅದು!”

“ನದಿಯಲ್ಲಿದ್ದದ್ದು ನಿಮ್ಮದು ಹೇಗಮ್ಮಾ? ಹೊಳಪು ನೋಡಿ ಇದರದ್ದು. ಸಾವಿರ ವರ್ಷ ನೀರು ಉಜ್ಜಿದೆ.”

“ಯಾವ ನೀರು? ನನ್ನ ತಲೆಗೆ ಹಚ್ಚೋ ಎಣ್ಣೆ ಕಣ್ರೀ ಅದು! ಈ ಮನುಷ್ಯ ಕದ್ದು ಕದ್ದು ಇಪ್ಪತ್ತು ವರ್ಷ ಉಜ್ಜಿದಾನೆ. ನಾನು ಬಾಟ್ಲಿ ಸೋರ್ತಿದೆ ಅಂತ ಅಂಗಡಿಯವನ ಜೊತೆ ಜಗಳ ಆಡಿ ಬಂದಿದ್ದೆ!”

ಅಣ್ಣ ತಲೆ ತಗ್ಗಿಸಿದರು. “ನಿನಗೆ ಗೊತ್ತಿತ್ತಾ?”

“ತಲೆದಿಂಬಿಗಿಂತ ಕಲ್ಲೇ ಘಮ್ ಅಂದ್ರೆ ಗೊತ್ತಾಗಲ್ವಾ?”

ಆ ಮನುಷ್ಯ ಕಲ್ಲನ್ನು ಮೂಸಿ ನೋಡಿದ. ಮುಖ ಬಾಡಿತು. ಕೆಳಗಿಡಲು ಬಗ್ಗಿದವನ ಕೈಯನ್ನು ಅಣ್ಣ ಹಿಡಿದುಕೊಂಡರು. ಬಿಸಿಲಲ್ಲಿಡಬೇಡ, ಎಡಗಡೆಯಿಂದ ನೋಡಬೇಕು, ಆಗಲೇ ಮುನಿಸು ಕಾಣುವುದು ಎಂದು ಅರ್ಧ ಗಂಟೆ ಪಾಠ ಹೇಳಿ, ವ್ಯಾನಿನಿಂದ ಮರದ ಪೀಠ ತಂದು ಕೊಟ್ಟರು. ಅವನು ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದ. ಬೇರೆ ಕಲ್ಲುಗಳ ಜಾಗವನ್ನು ಅಣ್ಣ ಅವನಿಗೆ ಹೇಳಲಿಲ್ಲ.

ವಾಪಸು ಬರುವಾಗ ವ್ಯಾನಿನಲ್ಲಿ ಅಣ್ಣ ಬರಿಗೈಯನ್ನು ಮಡಿಲಲ್ಲಿಟ್ಟು ಕೂತಿದ್ದರು. ಅತ್ತಿಗೆ ಎರಡು ಸಲ ಅವರ ಕಡೆ ನೋಡಿದರು. ಮರುದಿನ ಯಾರೂ ಹೇಳದೆಯೇ ಹನ್ನೊಂದು ಭರಣಿ ತೊಳೆದು ಒಣಗಿಸಿ, ಗುಡ್ಡದ ಆಚೆಯ ಮಠದ ಸನ್ಯಾಸಿನಿಯರಿಗೆ ಕೊಟ್ಟರು. ಉಳಿದ ಮೂರರಲ್ಲಿ ಒಂದು, ಅಣ್ಣನ ತಾಯಿಯ ಕಾಲದಿಂದ ಬಂದ ಸೋಯಾ ರಸದ್ದು. ಮನೆ ಬದಲಾಯಿಸುವ ದಿನ ಅದನ್ನು ಕೂಲಿಯವರ ಕೈಗೆ ಕೊಡದೆ ಗಂಡಹೆಂಡತಿ ಇಬ್ಬರೂ ವ್ಯಾನಿನ ಹಿಂದೆ ಅಪ್ಪಿಕೊಂಡು ಕೂತರು. ಪ್ರತಿ ತಿರುವಿನಲ್ಲೂ, “ನಿಧಾನ ಕಣೋ, ಅಮ್ಮ ಚೆಲ್ತಾಳೆ!” ಎಂದು ಅಣ್ಣ ನನ್ನ ಬೆನ್ನಿಗೆ ಹೊಡೆಯುತ್ತಿದ್ದರು.

ಹೊಸ ಮನೆ ಬಣಬಣ ಎನ್ನುತ್ತಿತ್ತು. ನೆಲದ ಮೇಲೆ ಕೂತು ಕರಿ ಬೀನ್ಸ್ ಗೊಜ್ಜಿನ ನೂಡಲ್ಸು ತಿಂದೆವು. ಅತ್ತಿಗೆ ಕಾಲು ಚಾಚಿ ಈ ಗೋಡೆಯಿಂದ ಆ ಗೋಡೆಯವರೆಗೆ ಒಮ್ಮೆ ಉರುಳಿ ನೋಡಿದರು. “ರೀ, ಆ ದೊಡ್ಡ ಮನೇಲಿ ಇಷ್ಟು ಜಾಗ ಇರ್ಲಿಲ್ಲ ಅಲ್ವಾ?” ಅಂದರು.

ಆ ಜಾಗ ಒಂದು ವಾರವೂ ಉಳಿಯಲಿಲ್ಲ. ಹೊಸ ಮನೆಗೆ ಬರಿಗೈಯಲ್ಲಿ ಬರುವವರು ನಮ್ಮಲ್ಲಿ ಯಾರಿದ್ದಾರೆ? ಗುಡ್ಡದ ಮೇಲಿನ ನೆರೆಯವರೆಲ್ಲ, ಹೊಸ ಮನೆಯಲ್ಲಿ ಕೆಲಸಗಳೆಲ್ಲ ಸುರುಳಿ ಬಿಚ್ಚಿದಷ್ಟು ಸಲೀಸಾಗಲಿ ಎಂಬ ನಮ್ಮ ಶಾಸ್ತ್ರದಂತೆ, ಮೂವತ್ತು ಮೂವತ್ತು ಸುರುಳಿಯ ಟಾಯ್ಲೆಟ್ ಪೇಪರಿನ ಮೂಟೆ ಹೊತ್ತು ಬಂದರು. ಭಾನುವಾರ ನಾನು ಹೋದಾಗ ಎರಡನೆಯ ಕೋಣೆಯ ಬಾಗಿಲು ಅರ್ಧವೇ ತೆರೆಯಿತು. ಅಣ್ಣ ಅದರೊಳಗೆ ಏಣಿಯ ಮೇಲೆ ನಿಂತು ಜೋಡಿಸುತ್ತಿದ್ದರು. ನನ್ನ ಕಂಕುಳಲ್ಲಿದ್ದ ಮೂಟೆ ಕಂಡು ಅವರು ಏಣಿಯ ಮೇಲೇ ಕೂತುಬಿಟ್ಟರು. ಅತ್ತಿಗೆ ಮಾತ್ರ, “ಬಾ ತಮ್ಮಾ, ಬಾ. ಹೊಟ್ಟೆ ಕೆಟ್ಟಿರೋರು ಯಾರಾದ್ರೂ ಇದ್ರೆ ಕರ್ಕೊಂಡು ಬಾ,” ಎಂದು ಒಳಗೆ ಕರೆದರು.