ಗುಬ್ಬಿ ಮೇಡಂ ಅವರ ಮಲಗುವ ದಿನ

ಆ ಕಾಲೇಜಿಗೆ ನಾನು ಭಾಷಾ ಅಧ್ಯಾಪಕನಾಗಿ ಸೇರಿದ ಹೊಸತು. ಅದು ಶಾಲೆ ಮುಗಿಸಿದವರಿಗೆ ಕೈಕಸುಬು ಕಲಿಸುವ ಕಾಲೇಜು. ಒಂದು ಕಡೆ ವೈರಿಂಗ್, ಇನ್ನೊಂದು ಕಡೆ ಹೊಲಿಗೆ, ಮಹಡಿಯ ಮೇಲೆ ರೋಗಿಗಳ ಆರೈಕೆಯ ತರಗತಿ. ನನ್ನ ಕೊಠಡಿಯನ್ನು ಹುಡುಕುತ್ತ ಮಹಡಿಯಲ್ಲಿ ಒಂದು ಬಾಗಿಲನ್ನು ತಳ್ಳಿದೆ. ಹಾಡಹಗಲಲ್ಲಿ ಸಾಲಾಗಿ ಮಂಚಗಳು, ಮಂಚಗಳ ಮೇಲೆ ವಿದ್ಯಾರ್ಥಿಗಳು! ಕೊನೆಯ ಮಂಚದಲ್ಲಿ ಕತ್ತಿನವರೆಗೆ ಹೊದ್ದು ಮಲಗಿದ್ದ ಪುಟ್ಟ ಹೆಂಗಸೊಬ್ಬರು ಕಣ್ಣು ತಿರುಗಿಸಿ ನನ್ನನ್ನು ನೋಡಿದರು. ಅವರ ಮೂಗಿನ ಮೇಲೊಂದು ನೊಣ ಕುಳಿತಿತ್ತು. ಅವರು ಅದನ್ನು ಓಡಿಸಲಿಲ್ಲ.

"ಯಾರಮ್ಮ ಇಲ್ಲಿ ಪಾಠ ಮಾಡೋರು?" ಎಂದೆ.

ತಟ್ಟೆ ಹಿಡಿದು ನಿಂತಿದ್ದ ಹುಡುಗಿ ಆ ಹೆಂಗಸನ್ನು ತೋರಿಸಿದಳು. "ಅವರೇ ಸರ್. ಆದ್ರೆ ಇವತ್ತು ಮಾತಾಡಲ್ಲ. ಬಾಯಿ ಬಿದ್ದುಹೋಗಿದೆ."

ನಾನು ಮಂಚದತ್ತ ಧಾವಿಸಿದೆ. "ಅಯ್ಯೋ, ಯಾವಾಗ?"

"ಬೆಳಿಗ್ಗೆ. ಸಂಜೆ ಬೆಲ್ ಹೊಡೆದ ತಕ್ಷಣ ಸರಿಹೋಗುತ್ತೆ ಸರ್."

ಇಡೀ ಕೊಠಡಿ ಕಿಸಕ್ಕೆಂದಿತು. ಮಲಗಿದ್ದವರು ಮಾತ್ರ ನಗಲಿಲ್ಲ.

ಅಂದು ಸಂಜೆ ಅವರೇ ನನ್ನನ್ನು ಹುಡುಕಿಕೊಂಡು ಬಂದರು. ಗಿಡ್ಡ ದೇಹ, ಚುರುಕು ನಡಿಗೆ. ಕಾಲೇಜಿಗೆಲ್ಲ ಅವರು ಗುಬ್ಬಿ ಮೇಡಂ. ವರ್ಷಕ್ಕೊಮ್ಮೆ ಅವರ ತರಗತಿಯಲ್ಲಿ ಮಲಗುವ ದಿನ. ಅರ್ಧ ಜನ ಬೆಳಗಿನಿಂದ ಸಂಜೆಯವರೆಗೆ ಕೈಕಾಲು ಆಡಿಸದೆ, ಮಾತಾಡದೆ ಮಲಗಬೇಕು. ಉಳಿದವರು ಅವರಿಗೆ ಉಣಿಸಬೇಕು, ಮೈ ಒರೆಸಬೇಕು, ಮಗ್ಗುಲು ತಿರುಗಿಸಬೇಕು. ಮರುದಿನ ಅದಲುಬದಲು. ಸಂಜೆ ಗಂಟೆ ಹೊಡೆದಾಗ ಜಗಳ ಏಳುತ್ತಿತ್ತು.

"ನನ್ ಬಾಯಿ ಒರೆಸ್ದೆ ಎದ್ ಹೋದ್ಯಲ್ಲೇ!"

"ಬಿಸಿ ಗಂಜಿ ಹಂಗೇ ಸುರಿದ್ಬಿಟ್ಟ ಮೇಡಂ ಇವನು, ನಾನೇನು ಡ್ರಮ್ಮಾ?"

ಕೆಲವರು ಅಳುತ್ತಿದ್ದರು. ಮೇಡಂ ಸಮಾಧಾನಪಡಿಸುತ್ತಿರಲಿಲ್ಲ. "ಆ ಜಗಳಾನೇ ಸರ್ ನನ್ನ ಪಾಠ," ಎನ್ನುತ್ತಿದ್ದರು. "ಮಿಕ್ಕಿದ್ದೆಲ್ಲ ಪುಸ್ತಕದಲ್ಲಿದೆ."

ಹೀಗೆ ಎಷ್ಟೋ ವರ್ಷ ನಡೆಯಿತು. ಆಮೇಲೆ ಪಠ್ಯಕ್ರಮ ಬದಲಾಯಿಸಲು ಸಮಿತಿಯೊಂದು ಬಂತು. ಕೋರ್ಸಿನ ಅವಧಿ ಕಡಿಮೆಯಾಗಬೇಕು, ಪ್ರತಿ ಪಾಠದ ಮುಂದೆ, ಅದನ್ನು ಕಲಿತ ವಿದ್ಯಾರ್ಥಿ ಏನನ್ನು ಮಾಡಿ ತೋರಿಸಬಲ್ಲನೆಂದು ಬರೆಯಬೇಕು, ಅದಕ್ಕೆ ಅಂಕವಿರಬೇಕು. ವಾಕ್ಯಗಳನ್ನು ತಿದ್ದಿಕೊಡಲೆಂದು ನನ್ನನ್ನೂ ಸಭೆಯಲ್ಲಿ ಕೂರಿಸಿಕೊಂಡರು. ಅಧ್ಯಕ್ಷರು ಕೆಟ್ಟವರಲ್ಲ, ಮೇಡಂ ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡರು.

"ಮಲಗೋದಕ್ಕೂ ಸಿಲಬಸ್ ಬೇಕಾ ಮೇಡಂ? ನಮ್ಮ ಹುಡುಗರು ಯಾವ ಪಾಠ ಮಾಡಿದ್ರೂ ಮಲಗ್ತಾರಲ್ಲ," ಎಂದು ನಗಿಸಿ, ಆಮೇಲೆ ಮೆಲ್ಲಗೆ ಹೇಳಿದರು: "ಅಳತೆಗೆ ಸಿಗದ ಪಾಠಕ್ಕೆ ಸಮಯ ಕೊಡೋಕಾಗಲ್ಲ. ಅಳೆಯೋ ಹಾಗೆ ಮಾಡ್ಕೊಂಡು ಬನ್ನಿ, ಉಳಿಸ್ತೀನಿ."

ಮೇಡಂಗೆ ಅಷ್ಟೇ ಸಾಕಾಗಿತ್ತು. ನಾವಿಬ್ಬರೂ ಸ್ಟಾಫ್ ರೂಮಿನಲ್ಲಿ ಕುಳಿತು, ಮಲಗುವ ದಿನವನ್ನು ಬಿಡಿಬಿಡಿಯಾಗಿ ಬಿಡಿಸಿ ಅಂಕ ಹಂಚಿದೆವು. ತುತ್ತು ನುಂಗಿದ್ದನ್ನು ನೋಡಿಕೊಂಡು ಮುಂದಿನ ತುತ್ತು ಕೊಟ್ಟರೆ ಇಷ್ಟು. ಬಾಯಿ ಒರೆಸಿದರೆ ಇಷ್ಟು. ಮಗ್ಗುಲು ತಿರುಗಿಸುವ ಮುಂಚೆ ರೋಗಿಯನ್ನು ಕೇಳಿದರೆ ಎರಡು ಅಂಕ. ಏನೆಂದು ಕೇಳಬೇಕು? ಮೇಡಂ ಬಹಳ ಹೊತ್ತು ಯೋಚಿಸಿ ಬರೆದರು: "ನಿಮ್ಮನ್ನು ಎಡಕ್ಕೆ ತಿರುಗಿಸ್ತೀನಿ, ಆಗಬಹುದಾ?" ನಾನು ಆ ವಾಕ್ಯದಲ್ಲಿ ಒಂದಕ್ಷರವನ್ನೂ ತಿದ್ದಲಿಲ್ಲ, ಅಷ್ಟು ಚೆನ್ನಾಗಿತ್ತು.

ಪಾಠ ಉಳಿಯಿತು. ಆ ವರ್ಷದ ಮಲಗುವ ದಿನ ಮೇಡಂ ಮಂಚದ ಮೇಲಿರಲಿಲ್ಲ, ಅಂಕ ಹಾಕಲು ನಿಂತಿದ್ದರು. ವಿದ್ಯಾರ್ಥಿಗಳು ಮಂಚದ ಬಳಿ ಬಂದು ಅವರತ್ತ ಒಮ್ಮೆ ನೋಡಿ, ಗಟ್ಟಿಯಾಗಿ "ಆಗಬಹುದಾ?" ಎಂದು ಕೇಳುತ್ತಲೇ ತಿರುಗಿಸುತ್ತಿದ್ದರು. ಮಲಗಿದವರಿಗೂ ನಾಳೆ ತಮ್ಮ ಸರದಿಯೆಂಬುದು ಗೊತ್ತು. ಗೆಳತಿಯ ಅಂಕ ಹೋಗದಿರಲೆಂದು ತಾವೇ ಮೈ ಹಗುರ ಮಾಡಿ ಹೊರಳುತ್ತಿದ್ದರು. ಸಂಜೆ ಗಂಟೆ ಹೊಡೆಯಿತು. ಯಾರೂ ಜಗಳವಾಡಲಿಲ್ಲ. ನಗುನಗುತ್ತ ಹೊದಿಕೆ ಮಡಿಸಿಟ್ಟು ಮನೆಗೆ ಹೋದರು. ಆರೈಕೆ ಮಾಡಿದವರೆಲ್ಲರಿಗೂ ಪೂರ್ತಿ ಅಂಕ.

ಖಾಲಿ ಮಂಚವೊಂದರ ಮೇಲೆ ಮೇಡಂ ಕುಳಿತಿದ್ದರು. "ನಾನೇ ಕೈಯಾರೆ ಕೊಂದೆ ಸರ್," ಎಂದರು.

ಮರುವರ್ಷದ ಸಭೆಯಲ್ಲಿ ಆ ಪಾಠವನ್ನು ತೆಗೆದುಹಾಕಿರೆಂದು ಅವರೇ ಕೇಳಿಕೊಂಡರು.

"ಹೋದ ವರ್ಷ ಉಳಿಸಿ ಅಂತ ಪ್ರಾಣ ತಿಂದ್ರಿ, ಈಗ ತೆಗೀರಿ ಅಂತೀರಿ!" ಅಧ್ಯಕ್ಷರು ನಿಜವಾಗಿಯೂ ತಬ್ಬಿಬ್ಬಾದರು. "ಎಲ್ಲರೂ ಪಾಸಾಗಿರೋ ಪಾಠ ಇದೊಂದೇ ಮೇಡಂ. ಬೇರೆ ಕಾಲೇಜಿನವರೂ ಕೇಳ್ತಿದ್ದಾರೆ."

ಬೇರೆ ಕಾಲೇಜುಗಳಿಗೂ ಅದು ಹೋಯಿತು. ಮೇಡಂ ನಿವೃತ್ತರಾಗುವವರೆಗೂ ಅಂಕ ಹಾಕುತ್ತಲೇ ಇದ್ದರು. ಮಲಗುವ ದಿನದ ಮಾತನ್ನು ಮತ್ತೆ ನನ್ನೆದುರು ಎತ್ತಲಿಲ್ಲ.

ಮೇಡಂ ಅವರನ್ನು ತಾಯಿಯ ಹಾಗೆ ಸಾಕಿ ಓದಿಸಿದವರು ಅವರ ಅಕ್ಕ. ಮೇಡಂ ನಿವೃತ್ತರಾದ ಮೇಲೆ ಆ ಅಕ್ಕನಿಗೆ ಪಾರ್ಶ್ವವಾಯು ಬಡಿಯಿತು. ಮಾತು ನಿಂತಿತು, ಎಡಭಾಗ ಬಿದ್ದುಹೋಯಿತು. ಬಲಗೈಯ ಬೆರಳುಗಳು ಮಾತ್ರ ಒಂದಿಷ್ಟು ಆಡುತ್ತವೆ. ಮೇಡಂ ಅವರ ಸೊಂಟವೂ ಹೋಗಿರುವುದರಿಂದ, ಒಬ್ಬರೇ ಎತ್ತಿ ತಿರುಗಿಸಲಾರರು. ಏಜೆನ್ಸಿಯವರು ಒಬ್ಬ ಹುಡುಗಿಯನ್ನು ಕಳಿಸುತ್ತಾರೆ. ಬೇರೆ ಕಾಲೇಜಿನಲ್ಲಿ ಕಲಿತವಳು, ಕೆಲಸದಲ್ಲಿ ಚುರುಕು.

ನಾನು ನೋಡಲು ಹೋದ ದಿನ ಅವಳು ಬಂದಳು, ಕೈ ತೊಳೆದಳು, ಮಂಚದ ಬಳಿ ನಿಂತು ಗೋಡೆಗೆ ಹೇಳುವವಳಂತೆ ಹೇಳಿದಳು: "ನಿಮ್ಮನ್ನು ಎಡಕ್ಕೆ ತಿರುಗಿಸ್ತೀನಿ, ಆಗಬಹುದಾ?" ಹೇಳಿ ಮುಗಿಯುವುದರೊಳಗೆ ತಿರುಗಿಸಿಯೂ ಆಗಿತ್ತು. ಅಕ್ಕನ ಎಡಭುಜ ಮೊದಲೇ ಊದಿಕೊಂಡಿತ್ತು, ಮೈಭಾರವೆಲ್ಲ ಅದರ ಮೇಲೆ ಬಿತ್ತು. ಬಾಯಿ ತೆರೆದುಕೊಂಡಿತು, ದನಿ ಹೊರಡಲಿಲ್ಲ.

ನಾನು ಮೇಡಂ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು.

"ಅವರು ಏನಂದ್ರು ಅಂತ ನೋಡಿದ್ಯೇನಮ್ಮ?" ಎಂದು ಮೇಡಂ ಕೇಳಿದರು.

"ಅಜ್ಜಿ ಮಾತಾಡಲ್ವಲ್ಲ ಆಂಟಿ."

"ಮತ್ತೆ ಕೇಳಿದ್ಯಾಕೆ?"

"ಕೇಳ್ಬೇಕಲ್ಲ. ಕೇಳ್ದಿದ್ರೆ ಎರಡು ಮಾರ್ಕ್ಸ್ ಕಟ್ ಆಗ್ತಿತ್ತು ನಮ್ಗೆ. ಯಾರೋ ಪುಣ್ಯಾತ್ಮರು ಬರ್ದಿಟ್ಟಿದ್ದಾರೆ!" ಹುಡುಗಿ ನಕ್ಕಳು.

"ಬರೆದೋಳಿಗೆ ಬುದ್ಧಿ ಇರ್ಲಿಲ್ಲ ಬಿಡು," ಎಂದರು ಮೇಡಂ.

ಅವಳು ಹೋದ ಮೇಲೆ ನಾನೆಂದೆ: "ಒಂದು ದಿನ ಅವಳನ್ನೇ ಮಲಗಿಸಿಬಿಡಿ ಮೇಡಂ. ನಿಮ್ಮ ಹಳೇ ಪಾಠ."

"ಇಲ್ಲಿಂದ ಮೂರು ಮನೆಗೆ ಓಡ್ಬೇಕು ಅವಳು. ಅವಳು ಮಲಗಿದ್ರೆ ಆ ಮೂರು ಮನೇಲಿ ಮಲಗಿರೋರನ್ನ ಯಾರು ಸರ್ ತಿರುಗಿಸ್ತಾರೆ?"

ಈಗ ಮೇಡಂ ಅವರ ದಿನಚರಿ ಇಷ್ಟೇ. ಹುಡುಗಿ ಬರುವ ಹೊತ್ತಿಗೆ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು, ಅಕ್ಕನ ಬಲಗೈಯನ್ನು ತಮ್ಮ ಅಂಗೈಯಲ್ಲಿಟ್ಟುಕೊಂಡು ಕೂರುತ್ತಾರೆ. ಹುಡುಗಿ "ಆಗಬಹುದಾ?" ಎನ್ನುತ್ತಾಳೆ. ಅಕ್ಕನ ಬೆರಳು ಒತ್ತಿದರೆ ಮೇಡಂ "ಆಗಬಹುದು" ಎನ್ನುತ್ತಾರೆ. ಒತ್ತದಿದ್ದರೆ "ತಾಳಮ್ಮ" ಎನ್ನುತ್ತಾರೆ. ಹುಡುಗಿ ತಾಳುತ್ತಾಳೆ; ಕಾಯುವುದನ್ನು ಕಲಿತಿದ್ದಾಳೆ. ಆದರೆ ಕಾಯುವಾಗ ಅವಳು ನೋಡುವುದು ಮೇಡಂ ಮುಖವನ್ನು, ಮಲಗಿರುವವರ ಮುಖವನ್ನಲ್ಲ.

ಮೊನ್ನೆ ಹೋದಾಗ ನೋಡಿದೆ. ಮೇಡಂ ಕುರ್ಚಿಯನ್ನು ದಿಂಬಿನ ಪಕ್ಕಕ್ಕೆ ಸರಿಸಿ, ಬೆನ್ನು ಬಗ್ಗಿಸಿ, ತಮ್ಮ ತಲೆಯನ್ನು ಅಕ್ಕನ ತಲೆಗೆ ತಾಗುವಷ್ಟು ಹತ್ತಿರ ತಂದುಕೊಂಡು ಕುಳಿತಿದ್ದರು. ಹುಡುಗಿ ಎಂದಿನಂತೆ ಮೇಡಂ ಮುಖ ನೋಡಿದಳು; ಪಕ್ಕದಲ್ಲೇ ಅಕ್ಕನ ಮುಖವಿತ್ತು.