ಅಡ್ಜಸ್ಟ್ ಓಬಕ್ಕ

ರಾಯದುರ್ಗದ ಜೀನ್ಸ್ ಹೊಲಿಯುವ ಯೂನಿಟ್ಟಿಗೆ ಹೊರಟ ಆಟೋ ತುಂಬಿ ತುಳುಕಿದಾಗಲೇ ಟೈಲರ್ ಓಬಕ್ಕನಿಗೆ ಹುರುಪು. "ಅಡ್ಜಸ್ಟ್ ಮಾಡ್ಕೊಳ್ರಿ!" ಎಂದು ಕೂಗಿ ಇನ್ನೂ ಇಬ್ಬರನ್ನು ಹತ್ತಿಸಿಕೊಳ್ಳುತ್ತಾಳೆ. ಬುತ್ತಿ ಸಾಲದಿರಲಿ, ಕರೆಂಟು ಹೋಗಲಿ, ಜಿಪ್ಪು ಗಿಡ್ಡವಾಗಲಿ, ಎಲ್ಲಕ್ಕೂ ಅವಳದು ಅದೊಂದೇ ಇಂಗ್ಲಿಷು. "ಹಂಗಂದ್ರ ಏನಕ್ಕಾ?" ಎಂದು ಕೇಳಿದರೆ, "ಸರ್ಕೊಂಡು ಜಾಗ ಕೊಡೋದು, ಅಷ್ಟ!" ಎಂದು ನಗುತ್ತಾಳೆ. ಆದರೆ ಎಳೆಗೂಸನ್ನು ಎತ್ತಿಕೊಂಡು ಕೆಲಸಕ್ಕೆ ಬಂದ ಗಂಗೋತ್ರಿಗೆ ಮಾಲೀಕರು, "ಕೂಸನ್ನ ಮನ್ಯಾಗ ಬಿಟ್ಟು ಬಾ, ಅಡ್ಜಸ್ಟ್ ಮಾಡ್ಕೋ" ಎಂದ ದಿನ ಓಬಕ್ಕ ಮಿಷನ್ ನಿಲ್ಲಿಸಿ ಎದ್ದಳು. ಜೀನ್ಸ್ ತುಂಡುಗಳನ್ನು ಕೂಡಿಸಿ ಕೂಸಿಗೆಂದು ಹೊಲಿದ ಜೋಲಿಯನ್ನು ಯೂನಿಟ್ಟಿಗೆ ಇದ್ದ ಒಂದೇ ಫ್ಯಾನಿನ ಗಾಳಿ ತಾಗುವಂತೆ, ಮಾಲೀಕರ ಕುರ್ಚಿಯ ಮೇಲಿನ ಕಂಬಿಗೇ ಕಟ್ಟತೊಡಗಿದಳು. "ಈ ಸಲ ನೀವು ಸರ್ಕೊಳ್ರಿ, ಸಾವ್ಕಾರ್ರೇ!"